ಕ್ರಿಸ್ಮಸ್ ಗಿಡ: ನಿಲ್ಲಿಸುವುದರಿಂದ ಎತ್ತಿಡುವವರೆಗೆ

ಕ್ರಿಸ್ಮಸ್ ಗಿಡ ಕಳೆಗುಂದಿ ಕಂಡರೆ ಅಲಂಕಾರದ ಸಾಮಾನು ಸಾಲದಾಯಿತು ಎಂದುಕೊಂಡು ಇನ್ನಷ್ಟು ತರುವವರೇ ಹೆಚ್ಚು. ತಪ್ಪು ಅಲ್ಲಿರುವುದು ಅಪರೂಪ, ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ. ಗುಂಡುಗಳನ್ನು ತೂಗುಹಾಕಿದ ಮೇಲೆ ದೀಪ ಸುತ್ತಲು ಹೋದರೆ ಬೆಳಕು ಹೊರಮೈಯಲ್ಲೇ ಉಳಿಯುತ್ತದೆ. ಗಿಡ ನೆಟ್ಟಗೆ ನಿಂತಿದೆಯೇ ಎಂದು ನೋಡದೆ ಶುರುಮಾಡಿದರೆ ತುದಿಯ ನಕ್ಷತ್ರ ವಾಲಿ ನಿಲ್ಲುತ್ತದೆ, ಆಗ ಸರಿಮಾಡಲು ಹೋದರೆ ಅರ್ಧ ಅಲಂಕಾರ ಉದುರುತ್ತದೆ. ಜಾಗ, ನಿಲುವು, ದೀಪ, ತುದಿ, ಹಾರ, ಗುಂಡು: ಈ ಆರೂ ಇದೇ ಸಾಲಿನಲ್ಲಿ ಬರಬೇಕು. ಮನೆಯ ಸಂಪ್ರದಾಯಗಳೂ ಈ ಸಾಲಿನೊಳಗೇ ಬೆಸೆದುಕೊಂಡರೆ ವರ್ಷದಿಂದ ವರ್ಷಕ್ಕೆ ಉಳಿಯುತ್ತವೆ.

ಯಾವಾಗ ನಿಲ್ಲಿಸಬೇಕು

ಎರಡು ರೂಢಿಗಳಿವೆ. ಒಂದು, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದ (ಅಡ್ವೆಂಟ್) ಮೊದಲ ಭಾನುವಾರ ನಿಲ್ಲಿಸುವುದು. ಇದು ಪ್ರತಿವರ್ಷ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುತ್ತದೆ. ಇನ್ನೊಂದು ಹಳೆಯ ಪದ್ಧತಿ: ಡಿಸೆಂಬರ್ 24ರಂದೇ ನಿಲ್ಲಿಸಿ, ಆ ರಾತ್ರಿ ಮೊದಲ ಬಾರಿ ದೀಪ ಬೆಳಗಿಸುವುದು. ಇಳಿಸುವ ದಿನ ಸಾಮಾನ್ಯವಾಗಿ ಜನವರಿ 5ರ ಸಂಜೆ ಅಥವಾ ಜನವರಿ 6, ಅಂದರೆ ಬಾಲ ಯೇಸುವನ್ನು ಕಾಣಲು ಬಂದ ಮೂವರು ರಾಯರ ಹಬ್ಬ.

ಕೃತಕ ಗಿಡವಾದರೆ ಯಾವ ದಿನವಾದರೂ ಆಗುತ್ತದೆ. ಕಡಿದು ತಂದ ಹಸಿ ಗಿಡವಾದರೆ ಲೆಕ್ಕ ಬೇಕು. ನೀರು ತಪ್ಪದೆ ಸಿಕ್ಕರೆ ಸೂಜಿ ಎಲೆಯ ಒಳ್ಳೆಯ ಫರ್ ಗಿಡ ಸುಮಾರು ನಾಲ್ಕು ವಾರ ತಾಜಾ ಇರುತ್ತದೆ. ನವೆಂಬರ್ ಕೊನೆಯಲ್ಲಿ ತಂದದ್ದು ಹೊಸ ವರ್ಷದ ಹೊತ್ತಿಗೆ ಒಣಗಲು ತೊಡಗಿರುತ್ತದೆ. ಜನವರಿ 6ರವರೆಗೂ ಇಡಬೇಕೆಂದಿರುವವರು ಡಿಸೆಂಬರ್ ಎರಡನೆಯ ವಾರ ದಾಟಿದ ಮೇಲೆ ತರುವುದು ಲೇಸು.

ಜಾಗ ಮತ್ತು ಅಳತೆ

ಮೊದಲು ಚಾವಣಿಯ ಎತ್ತರ ಅಳೆಯಿರಿ. ಅದರಿಂದ ತುದಿಯ ನಕ್ಷತ್ರಕ್ಕೆ ಒಂದು ಅಡಿ, ಸ್ಟ್ಯಾಂಡಿಗೆ ಅರ್ಧ ಅಡಿ, ಮೇಲೆ ಉಸಿರಾಡಲು ಅರ್ಧ ಅಡಿ ಕಳೆಯಿರಿ. ಒಂಬತ್ತು ಅಡಿ ಚಾವಣಿಗೆ ಏಳು ಅಡಿಯ ಗಿಡವೇ ಹೆಚ್ಚು. ಜನ ಮರೆಯುವುದು ಅಗಲವನ್ನು. ಏಳು ಅಡಿಯ, ತುಂಬು ಕೊಂಬೆಗಳ ಗಿಡದ ಬುಡ ನಾಲ್ಕರಿಂದ ನಾಲ್ಕೂವರೆ ಅಡಿ ಹರಡುತ್ತದೆ. ಆ ಅಗಲಕ್ಕೆ ನೆಲದ ಮೇಲೆ ಹಗ್ಗದಿಂದ ಒಂದು ವೃತ್ತ ಹಾಕಿ ಅದರ ಸುತ್ತ ಓಡಾಡಿ ನೋಡಿ. ಬಾಗಿಲು ತೆರೆಯುತ್ತದೆಯೇ, ಕುರ್ಚಿ ಹಿಂದಕ್ಕೆ ಸರಿಯುತ್ತದೆಯೇ ಎಂಬುದು ಆಗಲೇ ಗೊತ್ತಾಗುತ್ತದೆ. ಜಾಗ ಇಕ್ಕಟ್ಟಾಗಿದ್ದರೆ ಎತ್ತರ ಕಡಿಮೆ ಮಾಡುವುದಕ್ಕಿಂತ ಸಪೂರ ಗಿಡ ಆರಿಸುವುದು ಒಳ್ಳೆಯದು. ಎತ್ತರ ಕಳೆದುಕೊಂಡ ಗಿಡ ಕೋಣೆಯಲ್ಲಿ ಕಳೆದೇಹೋಗುತ್ತದೆ.

ಬಿಸಿ ಬರುವ ಯಾವುದರಿಂದಲೂ ಕನಿಷ್ಠ ಮೂರು ಅಡಿ ದೂರವಿರಲಿ: ಹೀಟರ್, ಅಗ್ಗಿಷ್ಟಿಕೆ, ಒಲೆ, ನೇರ ಬಿಸಿಲು ಬೀಳುವ ಕಿಟಕಿ. ಹೊರಗೆ ಹೋಗುವ ದಾರಿಗೆ ಗಿಡ ಅಡ್ಡವಾಗಬಾರದು. ಪ್ಲಗ್ ಪಾಯಿಂಟ್ ಹತ್ತಿರವಿರಲಿ, ವೈರ್ ನಡೆದಾಡುವ ಜಾಗ ದಾಟಬಾರದು.

ಯಾವ ಗಿಡ

ಕಡಿದ ಗಿಡಗಳಲ್ಲಿ ನಾರ್ಡ್‌ಮನ್ ಫರ್ ಮತ್ತು ಫ್ರೇಸರ್ ಫರ್ ಸೂಜಿ ಎಲೆಗಳನ್ನು ಬಹುಕಾಲ ಹಿಡಿದಿಡುತ್ತವೆ, ಕೊಂಬೆಗಳೂ ಗಟ್ಟಿ. ಬಾಲ್ಸಮ್ ಫರ್‌ನ ಪರಿಮಳ ಚೆನ್ನ. ನಾರ್ವೆ ಸ್ಪ್ರೂಸ್ ನೋಡಲು ಸುಂದರ, ಆದರೆ ಬೆಚ್ಚಗಿನ ಕೋಣೆಯಲ್ಲಿ ಬೇಗ ಎಲೆ ಉದುರಿಸುತ್ತದೆ. ಕೊಳ್ಳುವಾಗ ಒಂದು ರೆಂಬೆಯನ್ನು ಎರಡು ಬೆರಳ ನಡುವೆ ಹಿಡಿದು ಒಳಗಿನಿಂದ ತುದಿಯ ಕಡೆಗೆ ಮೆಲ್ಲನೆ ಎಳೆಯಿರಿ. ಕೈಯಲ್ಲಿ ಹಸಿರು ಸೂಜಿಗಳು ಉಳಿದರೆ ಆ ಗಿಡ ಬೇಡ. ಒಳಗಿನ ಕಂದು ಎಲೆಗಳು ನಾಲ್ಕಾರು ಉದುರುವುದು ಸಹಜ, ಅವು ಹಳೆಯ ಎಲೆಗಳು.

ಕುಂಡದ ಜೀವಂತ ಗಿಡವನ್ನು ಮನೆಯೊಳಗೆ ಏಳರಿಂದ ಹತ್ತು ದಿನಕ್ಕಿಂತ ಹೆಚ್ಚು ಇಡಬಾರದು. ಚಳಿಗೆ ಮಲಗಿದ್ದ ಗಿಡ ಮನೆಯ ಬೆಚ್ಚನೆಗೆ ಎಚ್ಚೆತ್ತು ಚಿಗುರಲು ಹೊರಡುತ್ತದೆ, ಮತ್ತೆ ಹೊರಗಿಟ್ಟಾಗ ಆ ಚಿಗುರು ಸಾಯುತ್ತದೆ. ಒಳಗೆ ತರುವ ಮುನ್ನ ಮತ್ತು ಹೊರಗೆ ಕಳಿಸುವ ಮುನ್ನ ಮೂರ್ನಾಲ್ಕು ದಿನ ವರಾಂಡದಂಥ ತಂಪು ಜಾಗದಲ್ಲಿ ಇಟ್ಟು ಒಗ್ಗಿಸಿ.

ಕೃತಕ ಗಿಡದಲ್ಲಿ ನೋಡಬೇಕಾದ್ದು ಎರಡು. ಚಪ್ಪಟೆ ಹಾಳೆಯಿಂದ ಕತ್ತರಿಸಿದ ಪಿವಿಸಿ ಎಲೆಗಳು ಹಗುರ, ಒಳಭಾಗ ತುಂಬಲು ಸಾಕು. ಅಚ್ಚಿನಲ್ಲಿ ಎರಕ ಹೊಯ್ದ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಎಲೆಗಳು ನಿಜದಂತೆ ಕಾಣುತ್ತವೆ. ಹೊರಗೆ ಇವು, ಒಳಗೆ ಪಿವಿಸಿ ಇರುವ ಗಿಡ ಒಳ್ಳೆಯ ಆಯ್ಕೆ. ಕೊಂಬೆಗಳು ಕಾಂಡಕ್ಕೆ ಕೀಲಿನಿಂದ ಕೂಡಿದ್ದರೆ ಜೋಡಣೆ ಸುಲಭ, ಒಂದೊಂದಾಗಿ ಸಿಕ್ಕಿಸುವ ಗಿಡದಲ್ಲಿ ಅರ್ಧ ದಿನ ಹೋಗುತ್ತದೆ.

ಹಸಿ ಗಿಡ: ಒಂದು ಕಡಿತ, ಮತ್ತೆ ನೀರೇ ನೀರು

ಕಡಿದ ಗಿಡದ ಆಯುಸ್ಸೆಲ್ಲ ಬುಡದ ಕೊಯ್ಲಿನಲ್ಲಿದೆ. ಕಾಂಡದ ಕೆಳಮೈ ಗಾಳಿಗೆ ಒಣಗಿ ರಾಳದಿಂದ ಮುಚ್ಚಿಕೊಂಡಿರುತ್ತದೆ. ಅದನ್ನು ತೆಗೆಯದೆ ನಿಲ್ಲಿಸಿದರೆ ಸ್ಟ್ಯಾಂಡ್ ತುಂಬ ನೀರಿದ್ದರೂ ಗಿಡ ಬಾಯಾರಿಯೇ ಇರುತ್ತದೆ.

ನಿಲ್ಲಿಸುವ ಸ್ವಲ್ಪ ಮುಂಚೆ ಬುಡದಿಂದ ಅರ್ಧದಿಂದ ಒಂದು ಇಂಚು ದಪ್ಪದ ಬಿಲ್ಲೆಯನ್ನು ಗರಗಸದಿಂದ ಕೊಯ್ದು ತೆಗೆಯಿರಿ. ಕೊಯ್ಲು ಕಾಂಡಕ್ಕೆ ನೇರ ಅಡ್ಡವಾಗಿರಲಿ. ಓರೆಯಾಗಿಯೋ ಇಂಗ್ಲಿಷ್ 'ವಿ' ಆಕಾರದಲ್ಲೋ ಕೊಯ್ದರೆ ಗಿಡ ಸ್ಟ್ಯಾಂಡಿನಲ್ಲಿ ಸರಿಯಾಗಿ ಕೂರುವುದಿಲ್ಲ, ನೀರೂ ಹೆಚ್ಚು ಹೀರುವುದಿಲ್ಲ. ಬುಡದಲ್ಲಿ ತೂತು ಕೊರೆಯುವುದೂ ವ್ಯರ್ಥ. ಕಾಂಡ ಸ್ಟ್ಯಾಂಡಿಗೆ ದಪ್ಪವಾಯಿತೆಂದು ಪಕ್ಕದ ತೊಗಟೆ ಹೆರೆಯುವುದು ಎಲ್ಲಕ್ಕಿಂತ ಕೆಟ್ಟದ್ದು, ನೀರನ್ನು ಮೇಲಕ್ಕೆ ಒಯ್ಯುವ ಮುಖ್ಯ ಪದರ ತೊಗಟೆಯ ಒಳಮಗ್ಗುಲಲ್ಲೇ ಇದೆ. ದೊಡ್ಡ ಸ್ಟ್ಯಾಂಡ್ ತನ್ನಿ. ಕೊಯ್ದ ಆರೆಂಟು ಗಂಟೆಯೊಳಗೆ ಬುಡ ನೀರಿನಲ್ಲಿರಬೇಕು. ಅಂದೇ ನಿಲ್ಲಿಸಲಾಗದಿದ್ದರೆ ಬಕೆಟ್ ನೀರಿನಲ್ಲಿಟ್ಟು ನೆರಳಿನಲ್ಲಿ ಬಿಡಿ.

ನಿಲ್ಲಿಸುವುದು ಇಬ್ಬರ ಕೆಲಸ. ಕೊಂಬೆಗಳಿಗೆ ಬಿಗಿದ ಬಲೆಯನ್ನು ಇನ್ನೂ ಬಿಚ್ಚಬೇಡಿ. ಒಬ್ಬರು ನಡುಕಾಂಡ ಹಿಡಿದಿರಲಿ, ಇನ್ನೊಬ್ಬರು ಕೆಳಗೆ ಮಲಗಿ ಸ್ಟ್ಯಾಂಡಿನ ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಲಿ. ಒಂದೇ ತಿರುಪನ್ನು ಪೂರ್ತಿ ಬಿಗಿದರೆ ಗಿಡ ಆಚೆ ಬದಿಗೆ ವಾಲುತ್ತದೆ. ನೆಟ್ಟಗಿದೆಯೇ ಎಂದು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ಎದುರಿನಿಂದ ಮಾತ್ರ ನೋಡಿ ನೆಟ್ಟಗಿದೆ ಎಂದುಕೊಂಡ ಗಿಡ ಹಿಂದಕ್ಕೋ ಮುಂದಕ್ಕೋ ಬಾಗಿರುವುದುಂಟು. ಆಮೇಲೆ ಬಲೆ ಬಿಚ್ಚಿ, ಕೊಂಬೆಗಳು ಇಳಿಯಲು ಒಂದು ರಾತ್ರಿ ಬಿಡಿ. ಅಂದೇ ದೀಪ ಸುತ್ತಿದರೆ ಮರುದಿನ ಕೊಂಬೆ ಜಗ್ಗಿ ನಡುನಡುವೆ ಕತ್ತಲ ಗುಂಡಿಗಳು ಕಾಣುತ್ತವೆ. ಆರು ಅಡಿಗಿಂತ ಎತ್ತರದ ಗಿಡವನ್ನು ಮೇಲಿನ ಮೂರನೇ ಒಂದು ಭಾಗದಲ್ಲಿ ಮೀನು ಹಿಡಿಯುವ ನೈಲಾನ್ ದಾರದಿಂದ ಗೋಡೆಯ ಕೊಕ್ಕೆಗೆ ಕಟ್ಟಿ. ದಾರ ಕಣ್ಣಿಗೆ ಬೀಳುವುದಿಲ್ಲ, ಬೆಕ್ಕು ಹತ್ತಿದರೂ ಗಿಡ ನಿಲ್ಲುತ್ತದೆ.

ನೀರಿನ ಲೆಕ್ಕ ಹೀಗಿದೆ: ಕಾಂಡದ ಅಡ್ಡಳತೆಯ ಪ್ರತಿ ಇಂಚಿಗೆ ದಿನಕ್ಕೆ ಸುಮಾರು ಒಂದು ಲೀಟರ್. ನಾಲ್ಕಿಂಚಿನ ಕಾಂಡ ಮೊದಲ ದಿನಗಳಲ್ಲಿ ನಾಲ್ಕು ಲೀಟರ್‌ವರೆಗೂ ಕುಡಿಯಬಹುದು, ಆಮೇಲೆ ಕಡಿಮೆಯಾಗುತ್ತದೆ. ಸ್ಟ್ಯಾಂಡ್ ಅಷ್ಟು ನೀರು ಹಿಡಿಯುವಂತಿರಬೇಕು. ಮೊದಲ ವಾರ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ನೋಡಿ. ನೀರಿನ ಮಟ್ಟ ಒಮ್ಮೆ ಕೊಯ್ದ ಮೈಗಿಂತ ಕೆಳಗಿಳಿದು ಕೆಲವು ಗಂಟೆ ಕಳೆದರೆ ಬುಡ ಮತ್ತೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಸ್ಟ್ಯಾಂಡ್ ತುಂಬಿಸಿದರೂ ಪ್ರಯೋಜನ ಕಡಿಮೆ, ಗಿಡವಿಳಿಸಿ ಹೊಸ ಕೊಯ್ಲು ಹಾಕಬೇಕಾಗುತ್ತದೆ. ಸಕ್ಕರೆ, ಆಸ್ಪಿರಿನ್, ಬ್ಲೀಚ್ ಏನೂ ಬೇಡ. ನಲ್ಲಿ ನೀರು ಸಾಕು, ಬಿಸಿಯೋ ತಣ್ಣಗೋ ಎಂಬುದೂ ಲೆಕ್ಕಕ್ಕಿಲ್ಲ. ಕೊಂಬೆಗಳಡಿ ಬಗ್ಗಿ ನೀರು ಹಾಕುವುದು ತ್ರಾಸ; ಉದ್ದ ಕೊಳವೆಗೆ ಆಲಿಕೆ ಸಿಕ್ಕಿಸಿ ಕಾಂಡದ ಪಕ್ಕ ಹಸಿರು ದಾರದಿಂದ ಕಟ್ಟಿಟ್ಟರೆ ನಿಂತಲ್ಲಿಂದಲೇ ಹಾಕಬಹುದು.

ಕೃತಕ ಗಿಡ ಅರಳಿಸುವುದು

ಪೆಟ್ಟಿಗೆಯಿಂದ ತೆಗೆದ ಕೂಡಲೇ ಗಿಡ ಬಡಕಲಾಗಿ ಕಾಣುವುದು ಕೊಂಬೆಗಳು ಒತ್ತಿಕೊಂಡಿರುವುದರಿಂದ. ಕೆಳಗಿನ ಭಾಗ ಮೊದಲು ನಿಲ್ಲಿಸಿ, ಅದನ್ನು ಪೂರ್ತಿ ಅರಳಿಸಿದ ಮೇಲೆಯೇ ಮುಂದಿನ ಭಾಗ ಜೋಡಿಸಿ. ಎಲ್ಲ ಜೋಡಿಸಿಟ್ಟು ಅರಳಿಸಲು ಹೋದರೆ ಒಳಕ್ಕೆ ಕೈ ಹೋಗುವುದಿಲ್ಲ. ಪ್ರತಿ ಕೊಂಬೆಯಲ್ಲೂ ಕಾಂಡದ ಬಳಿಯಿಂದ ಶುರುಮಾಡಿ ತುದಿಯ ಕಡೆಗೆ ಬನ್ನಿ: ಒಂದು ರೆಂಬೆ ಎಡಕ್ಕೆ, ಒಂದು ಬಲಕ್ಕೆ, ಒಂದು ಮೇಲಕ್ಕೆ. ಒಳಗಿನ ರೆಂಬೆಗಳನ್ನು ಬಿಟ್ಟುಬಿಡುವವರೇ ಹೆಚ್ಚು, ಹಾಗಾಗಿಯೇ ನಡುವಿನ ಕಬ್ಬಿಣದ ಕಂಬ ಕಾಣುತ್ತದೆ. ಏಳು ಅಡಿಯ ಗಿಡಕ್ಕೆ ಒಬ್ಬರಿಗೆ ಒಂದೂವರೆ ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ತಂತಿಗಳು ಕೈ ಗೀರುತ್ತವೆ, ತೆಳು ಕೈಗವಸು ಹಾಕಿಕೊಳ್ಳಿ.

ದೀಪ: ಗಿಡದ ಅರ್ಧ ಚೆಲುವು ಇಲ್ಲೇ

ಗಿಡಕ್ಕೆ ವಿದ್ಯುತ್ ದೀಪ ಮೊದಲು ಹಾಕಿದವರು ಎಡಿಸನ್ ಅವರ ಸಹವರ್ತಿ ಎಡ್ವರ್ಡ್ ಜಾನ್ಸನ್. 1882ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕಿನ ತಮ್ಮ ಮನೆಯಲ್ಲಿ, ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬುಗಳು. ಅದಕ್ಕೂ ಮುಂಚೆ ಕೊಂಬೆಗಳ ಮೇಲೆ ಉರಿಯುತ್ತಿದ್ದದ್ದು ಮೇಣದಬತ್ತಿ, ಪಕ್ಕದಲ್ಲಿ ಒಂದು ಬಕೆಟ್ ನೀರು. ನಿಜವಾದ ಮೇಣದಬತ್ತಿಯನ್ನು ಗಿಡಕ್ಕೆ ಹಚ್ಚುವ ಆಸೆ ಈಗಲೂ ಕೆಲವರಿಗಿದೆ, ದಯವಿಟ್ಟು ಬೇಡ. ಒಣಗಿದ ಗಿಡಕ್ಕೆ ಬೆಂಕಿ ತಗಲಿದರೆ ಒಂದು ನಿಮಿಷದೊಳಗೆ ಇಡೀ ಕೋಣೆಗೆ ಹಬ್ಬುತ್ತದೆ. ಬತ್ತಿಯಂತೆ ಮಿಣುಕುವ ಎಲ್‌ಇಡಿಗಳು ಆ ನೋಟ ಕೊಡುತ್ತವೆ.

ಎಷ್ಟು ದೀಪ ಬೇಕು? ಗಿಡದ ಪ್ರತಿ ಅಡಿ ಎತ್ತರಕ್ಕೆ ನೂರು ಸಣ್ಣ ಬಲ್ಬು. ಆರು ಅಡಿಗೆ ಆರುನೂರು. ಹೆಚ್ಚಾಯಿತು ಅನಿಸಬಹುದು, ಆದರೆ ಅರ್ಧದಷ್ಟು ಬಲ್ಬು ಒಳಗಿನ ಕಾಂಡದ ಬಳಿ ಹೋಗುತ್ತವೆ, ಗಿಡದೊಳಗಿನಿಂದ ಬೆಳಕು ಹೊಮ್ಮುವುದು ಅವುಗಳಿಂದಲೇ. ಬಣ್ಣದಲ್ಲಿ ಒಂದೇ ಎಚ್ಚರ: ಬಿಳಿ ದೀಪಗಳಲ್ಲಿ 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಸುಮಾರಿನದು ಹಳದಿ ಬೆಚ್ಚಗಿನ ಬಿಳಿ, 6000ದ ಸುಮಾರಿನದು ನೀಲಿ ಛಾಯೆಯ ತಣ್ಣನೆ ಬಿಳಿ. ಎರಡನ್ನೂ ಒಂದೇ ಗಿಡಕ್ಕೆ ಬೆರೆಸಿದರೆ ಒಂದು ಭಾಗ ಮಂಕಾಗಿ ಕಾಣುತ್ತದೆ.

ಸೀರಿಯಲ್ ಸೆಟ್ ಎಂಬ ಹೆಸರಿನಲ್ಲೇ ಅದರ ಕಾಯಿಲೆಯೂ ಇದೆ. ಬಲ್ಬುಗಳು ಒಂದರ ಹಿಂದೆ ಒಂದು ಸರಣಿಯಲ್ಲಿರುವುದರಿಂದ ಒಂದು ಬಲ್ಬು ಹೋಲ್ಡರಿನಲ್ಲಿ ಸಡಿಲವಾದರೂ ಆ ಸಾಲೆಲ್ಲ ಆರುತ್ತದೆ. ತಂತು ಸುಟ್ಟರೂ ಸಾಲು ಉರಿಯಲಿ ಎಂದು ಹಲವು ತಂತಿ ಬಲ್ಬುಗಳೊಳಗೆ ಬದಲಿ ದಾರಿಯೊಂದಿರುತ್ತದೆ. ಆದರೆ ಸುಟ್ಟ ಬಲ್ಬನ್ನು ಬದಲಿಸದೆ ಬಿಟ್ಟರೆ ಉಳಿದವಕ್ಕೆ ವೋಲ್ಟೇಜ್ ಹೆಚ್ಚಿ ಅವೂ ಬೇಗ ಸಾಯುತ್ತವೆ. ಸಾಲಿನ ಅರ್ಧ ಮಾತ್ರ ಆರಿದ್ದರೆ ಆ ಅರ್ಧದ ಬಲ್ಬುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಮತ್ತೆ ಒಂದೊಂದಾಗಿ ಬದಲಿಸಿ ನೋಡಿ. ಪೂರ್ತಿ ಆರಿದ್ದರೆ ಮೊದಲು ಪ್ಲಗ್ಗಿನೊಳಗೆ ಫ್ಯೂಸ್ ಇದೆಯೇ ನೋಡಿ. ಇದೆಲ್ಲ ಗಿಡಕ್ಕೆ ಹಾಕುವ ಮುಂಚೆ, ನೆಲದ ಮೇಲೆ ಹರಡಿ, ಹದಿನೈದು ನಿಮಿಷ ಉರಿಸಿ ಮಾಡುವ ಕೆಲಸ. ಬಲ್ಬು ಬದಲಿಸುವಾಗ ಪ್ಲಗ್ ಕಿತ್ತಿರಲಿ. ವೈರ್ ಸುಲಿದಿದ್ದರೆ, ಹೋಲ್ಡರ್ ಒಡೆದಿದ್ದರೆ ಟೇಪ್ ಸುತ್ತಬೇಡಿ, ಎಸೆಯಿರಿ. ಬೇರೆ ದೇಶದಿಂದ ತಂದ ಸೆಟ್ಟಿನ ವೋಲ್ಟೇಜ್ ಓದಿ. 120 ವೋಲ್ಟಿನದನ್ನು 230ಕ್ಕೆ ಚುಚ್ಚಿದರೆ ಸುಟ್ಟುಹೋಗುತ್ತದೆ.

ನೂರು ಹಳೆಯ ತಂತಿ ಬಲ್ಬುಗಳ ಸಾಲು ಸುಮಾರು 40 ವಾಟ್ ಎಳೆಯುತ್ತದೆ, ನೂರು ಎಲ್‌ಇಡಿ ಏಳು ವಾಟಿನೊಳಗೆ. ಒಂದಕ್ಕೊಂದು ಎಷ್ಟು ಸಾಲು ಕೂಡಿಸಬಹುದೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ತಂತಿ ಬಲ್ಬಾದರೆ ಮೂರು ಸಾಲು ದಾಟಬೇಡಿ. ಎಕ್ಸ್‌ಟೆನ್ಷನ್ ಬೋರ್ಡನ್ನು ನೀರಿನ ಸ್ಟ್ಯಾಂಡಿನಿಂದ ದೂರವಿಡಿ, ವೈರನ್ನು ಜಮಖಾನದಡಿ ಹಾಯಿಸಬೇಡಿ. ಬಿಸಿ ಕೂಡಿಕೊಂಡರೂ ಗೊತ್ತಾಗುವುದಿಲ್ಲ.

ಸುತ್ತುವ ವಿಧಾನದಲ್ಲಿ ದೊಡ್ಡ ವ್ಯತ್ಯಾಸವಿದೆ. ಗಿಡದ ಸುತ್ತ ಸುರುಳಿಯಂತೆ ಸುತ್ತುವುದು ರೂಢಿ, ಆದರೆ ಕಡಿಮೆ ಫಲದ ರೂಢಿ. ಒಂದು ಸಾಲು ಕೆಟ್ಟರೆ ಎಲ್ಲವನ್ನೂ ಬಿಚ್ಚಬೇಕು. ಅದರ ಬದಲು ಹೀಗೆ ಮಾಡಿ:

1. ಗಿಡವನ್ನು ಮೇಲಿನಿಂದ ನೋಡಿದಂತೆ ಮೂರು ಪಾಲು ಮಾಡಿಕೊಳ್ಳಿ. ತುದಿಯಿಂದ ಬುಡದವರೆಗೆ ಮೂರು ತ್ರಿಕೋನಗಳು. ಆರುನೂರು ಬಲ್ಬಾದರೆ ಪಾಲಿಗೆ ಇನ್ನೂರು. ಗಿಡ ಮೂಲೆಯಲ್ಲಿದ್ದರೆ ಎದುರಿನ ಎರಡು ಪಾಲಿಗೆ ಹೆಚ್ಚು, ಹಿಂದಿನದಕ್ಕೆ ಕಡಿಮೆ.
2. ಸಾಲನ್ನು ಪ್ಲಗ್ಗಿಗೆ ಹಾಕಿ, ಉರಿಯುತ್ತಿರುವಂತೆಯೇ ಬುಡದಿಂದ ಶುರುಮಾಡಿ. ಪ್ಲಗ್ ಕೆಳಗಡೆ ಉಳಿಯಬೇಕು. ತುದಿಯಿಂದ ಶುರುಮಾಡಿದವರಿಗೆ ಕೊನೆಯಲ್ಲಿ ಪ್ಲಗ್ ಗಿಡದ ನೆತ್ತಿಯಲ್ಲಿ ಸಿಗುತ್ತದೆ.
3. ಕೊಂಬೆಯ ಕೆಳಮೈಗುಂಟ ಒಳಗೆ ಕಾಂಡದವರೆಗೆ ಒಯ್ದು, ಕಾಂಡದ ಬಳಿ ಒಂದು ಸುತ್ತು ಹಾಕಿ, ಮೇಲ್ಮೈಗುಂಟ ತುದಿಗೆ ತನ್ನಿ. ಪಕ್ಕದ ಕೊಂಬೆಗೆ ದಾಟಿ. ಪಾಲಿನ ಅಂಚು ಬಂದಾಗ ಮೇಲಿನ ಹಂತಕ್ಕೆ ಏರಿ ಹಿಂದಿರುಗಿ.
4. ಎಂಟು ಹತ್ತು ಅಡಿ ದೂರ ನಿಂತು, ಕೋಣೆಯ ದೀಪ ಆರಿಸಿ, ಕಣ್ಣು ಅರೆಮುಚ್ಚಿ ನೋಡಿ. ಕತ್ತಲ ಗುಂಡಿಗಳು ತಾವಾಗಿ ಕಾಣುತ್ತವೆ. ಈಗಲೇ ಸರಿಮಾಡಿ.

ಮಲಗುವಾಗ, ಹೊರಗೆ ಹೋಗುವಾಗ ಆರಿಸಬೇಕು. ನೆನಪಿನ ಮೇಲೆ ಬಿಡುವ ಬದಲು ಟೈಮರ್ ಹಾಕಿ.

ತುದಿ, ಹಾರ, ರಿಬ್ಬನ್

ನಕ್ಷತ್ರವನ್ನು ಕೊನೆಯಲ್ಲಿ ಏರಿಸುವುದು ಚಂದದ ಸಂಪ್ರದಾಯ. ಆದರೆ ಏಣಿ ಬೇಕಾಗುವ ಗಿಡದಲ್ಲಿ ಅದು ಅಲಂಕಾರವನ್ನೆಲ್ಲ ಕೆಡವುತ್ತದೆ. ದಾರಿಯಿದೆ: ನಕ್ಷತ್ರದ ಆಸರೆಯನ್ನು ಈಗಲೇ ಕಟ್ಟಿ, ನಕ್ಷತ್ರವನ್ನು ಕೊನೆಗೆ ಸಿಕ್ಕಿಸಿ. ಒಂದೂವರೆ ಅಡಿಯ ತೆಳು ಬಿದಿರ ಕಡ್ಡಿಯನ್ನು ತುದಿಯ ಕಾಂಡಕ್ಕೆ ಸೇರಿಸಿ ಎರಡು ಕಡೆ ಹಸಿರು ತಂತಿಯಿಂದ ಬಿಗಿಯಿರಿ. ಹಸಿ ಗಿಡದ ತುದಿಚಿಗುರು ಒಂಟಿಯಾಗಿ ಭಾರ ಹೊರಲಾರದು, ನಕ್ಷತ್ರ ವಾಲುವುದಕ್ಕೆ ಅದೇ ಕಾರಣ.

ಮಿನುಗು ಹಾರವೋ ಮಣಿಸರವೋ ಆದರೆ ಗಿಡದ ಪ್ರತಿ ಅಡಿಗೆ ಒಂಬತ್ತು ಹತ್ತು ಅಡಿ ಹಾರ ಬೇಕಾಗುತ್ತದೆ. ಮೇಲಿನಿಂದ ಕೆಳಕ್ಕೆ ಬನ್ನಿ, ಮೇಲೆ ಜೋಲು ಚಿಕ್ಕದು, ಕೆಳಗೆ ದೊಡ್ಡದು. ಬಿಗಿಯಾಗಿ ಎಳೆದರೆ ಗಿಡಕ್ಕೆ ಹಗ್ಗ ಬಿಗಿದಂತೆ ಕಾಣುತ್ತದೆ. ರಿಬ್ಬನ್ ಆದರೆ ಅಂಚಿನಲ್ಲಿ ತಂತಿಯಿರುವ, ಎರಡೂವರೆ ಇಂಚು ಅಗಲದ್ದನ್ನು ಆರಿಸಿ. ಉದ್ದ ರಿಬ್ಬನನ್ನು ಹಾಗೇ ಸುತ್ತದೆ ನಾಲ್ಕು ಅಡಿಯ ತುಂಡುಗಳಾಗಿ ಕತ್ತರಿಸಿ, ತುದಿಗಳನ್ನು ಒಳಗಿನ ರೆಂಬೆಗೆ ಹೆಣೆದು, ನಡುವೆ ಅಲೆಯಂತೆ ಉಬ್ಬಲು ಬಿಡಿ. ಹಾರ, ರಿಬ್ಬನ್ ಎರಡೂ ಇದ್ದರೆ ಕಣ್ಣಿಗೆ ಬಿಡುವಿರುವುದಿಲ್ಲ, ಒಂದನ್ನು ಬಿಡಿ.

ಗುಂಡುಗಳು, ಗೊಂಬೆಗಳು

1605ರ ಸ್ಟ್ರಾಸ್‌ಬರ್ಗಿನ ಬರಹವೊಂದರಲ್ಲಿ ಜನ ಕೋಣೆಯಲ್ಲಿ ಫರ್ ಗಿಡ ನಿಲ್ಲಿಸಿ ಕಾಗದದ ಗುಲಾಬಿ, ಸೇಬು, ತೆಳು ಬಿಲ್ಲೆಗಳನ್ನು ತೂಗುಹಾಕುತ್ತಿದ್ದರೆಂದಿದೆ. ಆದಾಮ ಹವ್ವರ ದಿನವಾದ ಡಿಸೆಂಬರ್ 24ರ ನಾಟಕಗಳಲ್ಲೂ ಸೇಬು ತೂಗುವ ಗಿಡವಿರುತ್ತಿತ್ತು. ಇಂದಿನ ಕೆಂಪು ಗುಂಡುಗಳಲ್ಲಿ ಆ ಸೇಬಿನ ನೆರಳಿದೆ. ಊದಿದ ಗಾಜಿನ ಗುಂಡುಗಳನ್ನು ಪ್ರಸಿದ್ಧಗೊಳಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಲೌಶಾ ಎಂಬ ಗಾಜಿನ ಕಸುಬಿನ ಊರು.

ಪ್ರತಿ ಅಡಿಗೆ ಹತ್ತರಿಂದ ಹದಿನೈದು ತುಂಡು ಎಂದುಕೊಳ್ಳಿ. ಮೊದಲು ದೊಡ್ಡವು, ಅದೂ ಹೊರಗಲ್ಲ, ಕಾಂಡದ ಬಳಿ ಒಳಗೆ. ಸರಳ, ಹೊಳಪಿನ, ಅಗ್ಗದ ಗುಂಡುಗಳ ಜಾಗ ಅದು: ಒಳಗಿನ ದೀಪವನ್ನು ಪ್ರತಿಫಲಿಸಿ ಗಿಡಕ್ಕೆ ಆಳ ಕೊಡುತ್ತವೆ. ಮತ್ತೆ ನಡುಗಾತ್ರದವು ಕೊಂಬೆಯ ಅರ್ಧಕ್ಕೆ. ಕೊನೆಗೆ ಸಣ್ಣವು ತುದಿಗಳಿಗೆ, ಮೇಲಕ್ಕೆ ಹೋದಂತೆ ಇನ್ನೂ ಸಣ್ಣವು. ಮನೆಯ ವಿಶೇಷ ಗೊಂಬೆಗಳನ್ನು ಎಲ್ಲಕ್ಕಿಂತ ಕಡೆಗೆ, ಕಣ್ಣಿನ ಮಟ್ಟದಲ್ಲಿ, ಸುತ್ತ ಸ್ವಲ್ಪ ಬಯಲು ಬಿಟ್ಟು ತೂಗುಹಾಕಿ. ಒಂದೇ ಬಣ್ಣದವು ನೇರ ಸಾಲಿನಲ್ಲಿ ಬರದೆ ಮುಕ್ಕೋಣವಾಗಿ ಹಂಚಿಹೋಗಲಿ.

ಗುಂಡು ಬಿದ್ದು ಒಡೆಯುವುದು ಎರಡು ಕಾರಣಕ್ಕೆ. ಕೊಕ್ಕೆಯನ್ನು ರೆಂಬೆಯ ಮೇಲೆ ಸುಮ್ಮನೆ ತೂಗಿಸಿರುತ್ತಾರೆ, ಅದನ್ನು ಬೆರಳಿನಿಂದ ಒತ್ತಿ ರೆಂಬೆಗೆ ಮುಚ್ಚಬೇಕು. ಇಲ್ಲವೇ ಗುಂಡಿನ ಮುಚ್ಚಳ ಸಡಿಲವಾಗಿರುತ್ತದೆ. ಮುಚ್ಚಳ ತೆಗೆದು ಒಳಗಿನ ತಂತಿಯ ಕಾಲುಗಳನ್ನು ಅಗಲಿಸಿ ಮತ್ತೆ ಸಿಕ್ಕಿಸಿದರೆ ಬಿಗಿಯಾಗುತ್ತದೆ.

ಮನೆಯದೇ ಆದ ರೂಢಿಗಳು

ಪ್ರತಿವರ್ಷ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಹೊಸ ತೂಗುಗೊಂಬೆ ಎಂಬ ರೂಢಿ ಶುರುಮಾಡಲು ಸುಲಭ, ಉಳಿಸಲೂ ಸುಲಭ. ಒಂದೇ ಷರತ್ತು: ಹೆಸರು ಮತ್ತು ವರ್ಷವನ್ನು ಅಳಿಸದ ಶಾಯಿಯಲ್ಲಿ ಕೆಳಭಾಗದಲ್ಲಿ ಅಂದೇ ಬರೆಯಬೇಕು. ಮುಂದಿನ ವರ್ಷ ಬರೆದರಾಯಿತು ಎಂದವರಿಗೆ ಹತ್ತು ವರ್ಷದ ಮೇಲೆ ಯಾವುದು ಯಾರದೆಂದು ತಿಳಿಯುವುದಿಲ್ಲ. ಮಗು ಬೆಳೆದು ಬೇರೆ ಮನೆ ಮಾಡುವಾಗ ಅದರ ಪಾಲಿನ ಪೆಟ್ಟಿಗೆ ಅದರ ಜೊತೆ ಹೋಗುತ್ತದೆ. ಹೊಸ ಮನೆಯ ಮೊದಲ ಗಿಡ ಬರಿದಾಗಿರುವುದಿಲ್ಲ. ತೀರಿಹೋದವರ ಗೊಂಬೆಯನ್ನು ಪ್ರತಿವರ್ಷ ಒಬ್ಬೊಬ್ಬರು ಸರದಿಯಂತೆ ತೂಗುಹಾಕುವ ಮನೆಗಳಿವೆ. ಆ ಹೊತ್ತಿನಲ್ಲಿ ಅವರ ಮಾತು ತಾನಾಗಿ ಬರುತ್ತದೆ.

ಕೆಲಸ ಹಂಚುವುದೂ ಸಂಪ್ರದಾಯವೇ. ಐದು ವರ್ಷದೊಳಗಿನವರಿಗೆ ಬಟ್ಟೆ, ಮರ, ಕಾಗದದ ಗೊಂಬೆಗಳು ಮತ್ತು ಗಿಡದ ಕೆಳಗಿನ ಎರಡಡಿ ಪೂರ್ತಿ ಅವರದೇ. ಒಂದೇ ಕೊಂಬೆಗೆ ಏಳು ಗೊಂಬೆ ತೂಗುಹಾಕಿದರೂ ಸರಿಮಾಡಬೇಡಿ; ರಾತ್ರಿ ಎದ್ದು ಸರಿಮಾಡಿದರೆ ಬೆಳಿಗ್ಗೆ ಮಗುವಿಗೆ ಗೊತ್ತಾಗುತ್ತದೆ. ದೊಡ್ಡ ಮಕ್ಕಳಿಗೆ ನೀರು ನೋಡುವ ಹೊಣೆ, ಹಿರಿಯರಿಗೆ ಮೊದಲ ಸ್ವಿಚ್, ನಕ್ಷತ್ರ ವರ್ಷಕ್ಕೊಬ್ಬರಿಗೆ. ಮದುವೆಯಾಗಿ ಎರಡು ಮನೆಯ ರೂಢಿಗಳು ಕೂಡುವಾಗ ಎಲ್ಲದರಲ್ಲೂ ಅರ್ಧರ್ಧ ಮಾಡಹೋಗದೆ, ಎರಡೂ ಕಡೆಯಿಂದ ಬಿಡಲಾಗದ ಒಂದೊಂದನ್ನು ಆರಿಸಿ ಅದನ್ನು ಪೂರ್ತಿ ಉಳಿಸಿಕೊಳ್ಳುವುದು ವಾಸಿ.

ಕೂಡಿ ಮಾಡುವುದಕ್ಕೆ ಉಪ್ಪಿನ ಹಿಟ್ಟಿನ ಗೊಂಬೆಗಿಂತ ಒಳ್ಳೆಯದಿಲ್ಲ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಮುಕ್ಕಾಲರಿಂದ ಒಂದು ಲೋಟ ನೀರು. ನೀರು ಸ್ವಲ್ಪ ಸ್ವಲ್ಪವೇ ಹಾಕಿ ಹತ್ತು ನಿಮಿಷ ನಾದಿ, ಕಾಲು ಇಂಚು ದಪ್ಪ ಲಟ್ಟಿಸಿ ಕತ್ತರಿಸಿ. ದಾರದ ತೂತನ್ನು ಸ್ಟ್ರಾದಿಂದ, ಬೇಕಾದ್ದಕ್ಕಿಂತ ದೊಡ್ಡದಾಗಿ ಮಾಡಿ, ಒಣಗುವಾಗ ಕಿರಿದಾಗುತ್ತದೆ. ಅವನ್‌ನಲ್ಲಿ 100ರಿಂದ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ಗಂಟೆ, ನಡುವೆ ಒಮ್ಮೆ ತಿರುವಿ ಹಾಕಿ. ಉರಿ ಹೆಚ್ಚಿಸಿದರೆ ಉಬ್ಬಿ ಬಿರಿಯುತ್ತದೆ. ಪೂರ್ತಿ ಆರಿದ ಮೇಲೆ ಬಣ್ಣ, ಮತ್ತೆ ಎರಡೂ ಬದಿಗೆ ಎರಡು ಸಲ ವಾರ್ನಿಷ್. ಅದಿಲ್ಲದಿದ್ದರೆ ಉಪ್ಪು ತೇವ ಹೀರಿ ಗೊಂಬೆ ಮೆತ್ತಗಾಗುತ್ತದೆ. ನಾಯಿ ಇರುವ ಮನೆಯಲ್ಲಿ ಇವನ್ನು ಎತ್ತರಕ್ಕೆ ಹಾಕಿ, ಇಷ್ಟು ಉಪ್ಪು ತಿಂದರೆ ನಾಯಿಯ ಜೀವಕ್ಕೇ ಅಪಾಯ.

ಆಗಮನ ಕಾಲದ ನಾಲ್ಕು ಬತ್ತಿಗಳ ಹಸಿರು ಬಳೆಗೂ ಒಂದು ಮೂಲವಿದೆ. 1839ರಲ್ಲಿ ಹ್ಯಾಂಬರ್ಗಿನ ಪಾದ್ರಿ ಯೋಹಾನ್ ವಿಖೆರ್ನ್ ತಮ್ಮ ಆಶ್ರಯದ ಮಕ್ಕಳು ಕ್ರಿಸ್ಮಸ್‌ಗೆ ಎಷ್ಟು ದಿನ ಉಳಿಯಿತೆಂದು ಎಣಿಸಲಿ ಎಂದು ಗಾಡಿಯ ಚಕ್ರಕ್ಕೆ ಮೇಣದಬತ್ತಿ ನಿಲ್ಲಿಸಿದ್ದರು, ಭಾನುವಾರಗಳಿಗೆ ದೊಡ್ಡವು, ಉಳಿದ ದಿನಗಳಿಗೆ ಚಿಕ್ಕವು. ಮನೆಯಲ್ಲಿ ಮಾಡುವಾಗ ಬತ್ತಿಗಳನ್ನು ಲೋಹದ ಬಟ್ಟಲಿನಲ್ಲಿ ಕೂರಿಸಿ, ಎಲೆಗಳು ಬತ್ತಿಯ ಅರ್ಧಕ್ಕಿಂತ ಕೆಳಗಿರಲಿ. ಮೊದಲ ವಾರ ಹಚ್ಚಿದ ಬತ್ತಿಯೇ ನಾಲ್ಕು ವಾರವೂ ಉರಿಯುವುದರಿಂದ ಅದು ಎಲ್ಲಕ್ಕಿಂತ ಬೇಗ ಕರಗಿ ಎಲೆಗಳ ಮಟ್ಟಕ್ಕೆ ಇಳಿಯುತ್ತದೆ. ಎರಡಿಂಚು ಉಳಿದಾಗ ಬದಲಿಸಿ.

ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆದೃಶ್ಯವನ್ನು, ಗಿಡದಡಿಯಲ್ಲಿಡುವ ಬದಲು ಪಕ್ಕದ ಪುಟ್ಟ ಮೇಜಿನ ಮೇಲಿಡುವುದು ಮೇಲು. ಕೆಳಗಿಟ್ಟರೆ ನೀರು ಹಾಕುವಾಗ ನೆನೆಯುತ್ತದೆ, ಉಡುಗೊರೆಗಳಡಿ ಮರೆಯಾಗುತ್ತದೆ. ಅಸ್ಸಿಸಿಯ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೋ ಎಂಬಲ್ಲಿ ಎತ್ತು, ಕತ್ತೆ, ಹುಲ್ಲಿನೊಂದಿಗೆ ಜೀವಂತವಾಗಿ ನಿಲ್ಲಿಸಿದ ದೃಶ್ಯವೇ ಇದರ ಹಿರಿಯ. ಬಾಲ ಯೇಸುವಿನ ಗೊಂಬೆಯನ್ನು ಡಿಸೆಂಬರ್ 24ರ ರಾತ್ರಿಯವರೆಗೆ ಇಡಬೇಡಿ. ಮೂವರು ರಾಯರನ್ನು ಕೋಣೆಯ ದೂರದ ಮೂಲೆಯಿಂದ ಹೊರಡಿಸಿ, ದಿನಕ್ಕೊಂದಿಷ್ಟು ಮುಂದಿಟ್ಟು, ಜನವರಿ 6ಕ್ಕೆ ಗೋದಲಿ ಮುಟ್ಟಿಸಿ. ಮಕ್ಕಳು ಈ ಪಯಣವನ್ನು ಒಂದು ದಿನವೂ ಮರೆಯುವುದಿಲ್ಲ.

ಪುಟ್ಟ ಮಕ್ಕಳು, ಬೆಕ್ಕು, ನಾಯಿ

ಬೆಕ್ಕಿರುವ ಮನೆಗೆ ಎಳೆಎಳೆಯಾದ ಜರಿ ತರಲೇಬೇಡಿ, ನುಂಗಿದರೆ ಕರುಳಿಗೆ ಸುತ್ತಿಕೊಂಡು ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತದೆ. ಹೂದಾನಿಯ ಲಿಲ್ಲಿ ಹೂ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ. ಸ್ಟ್ಯಾಂಡಿನ ನೀರನ್ನು ಕುಡಿಯದಂತೆ ಮುಚ್ಚಿಡಿ. ಬೆಳಗುವ, ಹಾಡುವ ಪುಟ್ಟ ಗೊಂಬೆಗಳಲ್ಲಿ ಗುಂಡಿಯಾಕಾರದ ಬ್ಯಾಟರಿ ಇರುತ್ತದೆ. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು, ಒಡನೆ ಆಸ್ಪತ್ರೆಗೆ ಹೋಗಬೇಕು. ಬ್ಯಾಟರಿ ಮುಚ್ಚಳಕ್ಕೆ ತಿರುಪು ಇಲ್ಲದ ಗೊಂಬೆಯನ್ನು ಕೊಳ್ಳಬೇಡಿ.

ಇಳಿಸಿ ಎತ್ತಿಡುವುದು

ಹಾಕಿದ್ದಕ್ಕೆ ತಿರುಗುಮುರುಗು ಕ್ರಮದಲ್ಲಿ ಇಳಿಸಿ: ನಕ್ಷತ್ರ, ಗುಂಡು, ಹಾರ, ದೀಪ. ಹಸಿ ಗಿಡದ ಎಲೆ ಮುಟ್ಟಿದರೆ ಉದುರುವಂತಾಗಿದ್ದರೆ ನಿಗದಿಯ ದಿನಕ್ಕೆ ಕಾಯದೆ ಇಳಿಸಿ, ಒಣ ಗಿಡ ಬೆಂಕಿಗೆ ಕಾದು ಕೂತಂತೆ. ಸ್ಟ್ಯಾಂಡಿನ ನೀರನ್ನು ಮಗ್ಗಿನಿಂದ ಖಾಲಿ ಮಾಡಿ, ಗಿಡವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಬುಡ ಮುಂದಾಗಿ ಹೊರಗೆ ಒಯ್ಯಿರಿ. ತುದಿ ಮುಂದಾದರೆ ಕೊಂಬೆಗಳು ಬಾಗಿಲಿಗೆ ಸಿಕ್ಕಿ ಮನೆತುಂಬ ಸೂಜಿ. ಅದನ್ನು ಅಗ್ಗಿಷ್ಟಿಕೆಗೆ ತುರುಕಬೇಡಿ, ರಾಳ ಸಿಡಿದು ಉರಿಯುತ್ತದೆ.

ದೀಪದ ಪ್ರತಿ ಸಾಲನ್ನು ಒಂದಡಿ ಉದ್ದದ ಗಟ್ಟಿ ರಟ್ಟಿಗೆ ಬೇರೆ ಬೇರೆಯಾಗಿ ಸುತ್ತಿ. ಪ್ಲಗ್ ಕೊನೆಗೆ ಮೇಲೆ ಉಳಿಯುವಂತೆ ಸುತ್ತಿದರೆ ಮುಂದಿನ ಸಲ ಬಿಚ್ಚದೆಯೇ ಉರಿಸಿ ನೋಡಬಹುದು. ರಟ್ಟಿನ ಮೇಲೆ ಬಲ್ಬಿನ ಸಂಖ್ಯೆ, ಗಿಡದ ಯಾವ ಪಾಲು ಎಂದು ಬರೆಯಿರಿ. ಗಾಜಿನವನ್ನು ತೆಳು ಕಾಗದದಲ್ಲಿ ಸುತ್ತಿ ವಿಭಾಗಗಳಿರುವ ಗಟ್ಟಿ ಪೆಟ್ಟಿಗೆಯಲ್ಲಿಡಿ. ಅಚ್ಚಿನ ಶಾಯಿ ಅಂಟುವುದರಿಂದ ಹಳೆ ಪತ್ರಿಕೆ ಬೇಡ. ಉಪ್ಪಿನ ಹಿಟ್ಟಿನ ಗೊಂಬೆಗಳ ಡಬ್ಬಕ್ಕೆ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ, ಇದೂ ಮಕ್ಕಳ ಕೈಗೆ ಸಿಗದ ಜಾಗದಲ್ಲಿರಲಿ. ಕೃತಕ ಗಿಡವನ್ನು ಒದ್ದೆಯಿಲ್ಲದ ತಂಪು ಜಾಗದಲ್ಲಿ, ಭಾಗಗಳಿಗೆ ಬಣ್ಣದ ಟೇಪ್ ಗುರುತು ಹಾಕಿ ಮಲಗಿಸಿ.

ಪೆಟ್ಟಿಗೆ ಮುಚ್ಚುವ ಮುನ್ನ ಒಂದು ಚೀಟಿ: ಗಿಡದ ಎತ್ತರ, ಎಷ್ಟು ಸಾಲು ದೀಪ ಹಿಡಿಯಿತು, ಯಾವುದು ಕೆಟ್ಟಿತು, ಏನು ಕಡಿಮೆಯಾಯಿತು, ನಕ್ಷತ್ರದ ಸರದಿ ಮುಂದೆ ಯಾರದು. ಪೆಟ್ಟಿಗೆಗಳನ್ನು ಒಂದರ ಮೇಲೊಂದಿಡುವಾಗ ಗುಂಡುಗಳದು ಕೆಳಗೆ, ಹಾರಗಳದು ನಡುವೆ. ಎಲ್ಲಕ್ಕಿಂತ ಮೇಲೆ ದೀಪ, ಗೋಡೆಯ ಕೊಕ್ಕೆ, ಬಿದಿರ ಕಡ್ಡಿ ಮತ್ತು ಆ ಚೀಟಿ ಇರುವ ಪೆಟ್ಟಿಗೆ. ಮುಂದಿನ ಡಿಸೆಂಬರಿನಲ್ಲಿ ಮೊದಲು ತೆರೆಯುವುದು ಅದನ್ನೇ.